ಅರವತ್ತಕ್ಕೆ ಒಂದು ಕಮ್ಮಿ

ವಿಲೆ ಪಾರ್ಲೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಕೆಮಿಸ್ಟ್ರಿ ಕಲಿಸಿದೆ. ಕಲಿಸುವುದರ ಬಗ್ಗೆ ಹೇಳಲು ನನ್ನಲ್ಲಿ ಹೊಸದೇನೂ ಇಲ್ಲ. ಆದರೆ ಯಾವ ಪಠ್ಯಕ್ರಮದಲ್ಲೂ ಇಲ್ಲದ, ಯಾರೂ ಆದೇಶ ಕೊಟ್ಟು ಮಾಡಿಸದ ಇನ್ನೊಂದು ಕೆಲಸವನ್ನೂ ಅಷ್ಟೇ ವರ್ಷ ಮಾಡಿದ್ದೇನೆ. ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಕೆಮಿಸ್ಟ್ರಿ ಪೇಪರ್ ಮುಗಿದ ದಿನ ಮಧ್ಯಾಹ್ನ ಮಕ್ಕಳು ಪ್ರಶ್ನೆಪತ್ರಿಕೆ ಮಡಚಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಫಲಿತಾಂಶಕ್ಕೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಸಮಯವಿರುತ್ತದೆ. ಅಷ್ಟು ದಿನ ಕೈಯಲ್ಲಿ ಒಂದು ಸಂಖ್ಯೆಯೂ ಇಲ್ಲದೆ ಕಾಯುವುದು ಹದಿನೆಂಟರ ವಯಸ್ಸಿಗೆ ಆಗದ ಮಾತು. 'ಸರ್, ಕಿತನಾ ಆಯೇಗಾ?' ಎಂದು ಕೇಳುತ್ತಾರೆ. ಎಪ್ಪತ್ತರಲ್ಲಿ ಎಷ್ಟು ಬರಬಹುದು ಎಂದು ನಾವು ಅಂದಾಜು ಹೇಳಬೇಕು.

ನನ್ನ ಜಾಗಕ್ಕೆ ಬಂದಿರುವ ಹೊಸ ಶಿಕ್ಷಕಿ ಹೋದ ತಿಂಗಳು ಫೋನ್ ಮಾಡಿ, ಈ ಅಂದಾಜು ಹೇಳುವುದು ಹೇಗೆ, ನೀವು ಹೇಳಿದ್ದು ಬಹಳ ಸರಿ ಬರುತ್ತಿತ್ತಂತಲ್ಲ ಎಂದು ಕೇಳಿದರು. ಬಹಳ ಸರಿ ಬರುತ್ತಿತ್ತು ಎಂದು ಯಾರು ಹೇಳಿದರೋ ಗೊತ್ತಿಲ್ಲ. ಸರಿ ಬಂದವರು ಪೇಢೆ ಹಿಡಿದು ಬರುತ್ತಾರೆ, ತಪ್ಪಿದವರು ಬರುವುದಿಲ್ಲ. ಹಾಗಾಗಿ ಶಿಕ್ಷಕರ ನೆನಪಿನಲ್ಲಿ ಎಲ್ಲ ಅಂದಾಜೂ ಸರಿಯಾಗಿಯೇ ಇರುತ್ತದೆ. ಅವರಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಯಾವ ಅಳತೆಯನ್ನೂ ಅದರ ದೋಷದ ಪ್ರಮಾಣ ಹೇಳದೆ ಬರೆಯಬಾರದು ಎಂದು ಕಲಿಸಿದ್ದರು. ಈ ಬರಹಕ್ಕೂ ಅದು ಅನ್ವಯಿಸುತ್ತದೆ. ನನ್ನ ನೆನಪು ಎಲ್ಲೆಲ್ಲಿ ಎಷ್ಟು ಆಚೀಚೆ ಆಗಿದೆಯೋ ನನಗೆ ತಿಳಿಯದು. ಒಂದು ಕಡೆ ಮಾತ್ರ ಚೆನ್ನಾಗಿ ತಿಳಿಯಿತು, ಅದನ್ನು ಕೊನೆಗೆ ಹೇಳುತ್ತೇನೆ.

ಈ ಕೆಲಸವನ್ನು ನನಗೆ ಕಲಿಸಿದವರು ಆಗ ವಿಭಾಗದ ಮುಖ್ಯಸ್ಥೆಯಾಗಿದ್ದ ದೇಶಪಾಂಡೆ ಬಾಯಿ. ಮರಾಠಿಯವರು ಶಿಕ್ಷಕಿಯನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ಗಿಡ್ಡ ಆಳು, ದಪ್ಪ ಕನ್ನಡಕ, ಯಾವಾಗಲೂ ಕೈಯಲ್ಲಿ ಒಂದು ಮೊಂಡು ಪೆನ್ಸಿಲ್. ಮೊದಲ ವರ್ಷ ಒಬ್ಬ ಹುಡುಗ ಎದುರಿಗೆ ಬಂದು ಕೂತ ಕೂಡಲೇ ನಾನು 'ಪೇಪರ್ ಹೇಗಿತ್ತು?' ಎಂದು ಕೇಳಿದೆ. ಬಾಯಿ ನನ್ನ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡುಬಿಟ್ಟರು. ಹೇಗಿತ್ತು ಎಂದು ಕೇಳಿದರೆ ಅವನ ಮನಸ್ಸು ಹೇಗಿದೆ ಎಂಬುದಷ್ಟೇ ಗೊತ್ತಾಗುತ್ತದೆ, ಮೊದಲು ಯಾವ ಪ್ರಶ್ನೆ ಬರೆದೆ ಎಂದು ಕೇಳು, ಅವನು ಪರೀಕ್ಷೆಯ ಕೋಣೆಯೊಳಗೆ ವಾಪಸ್ ಹೋಗಿ ಕೂರುತ್ತಾನೆ ಎಂದರು. ಅದು ನಿಜವಾಗಿತ್ತು. ಮೊದಲ ಪ್ರಶ್ನೆ ಯಾವುದು ಎಂದು ಕೇಳಿದಾಗ ಮಕ್ಕಳ ಕಣ್ಣು ಬೇರೆಯೇ ಕಡೆ ಹೋಗುತ್ತದೆ.

ಅಂಕ ಹಾಕುವ ರೀತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಲೆಕ್ಕವಿದ್ದರೆ ಸೂತ್ರಕ್ಕೆ ಒಂದು, ಸಂಖ್ಯೆಗಳನ್ನು ಸರಿಯಾಗಿ ತುಂಬಿದ್ದಕ್ಕೆ ಒಂದು, ಉತ್ತರಕ್ಕೂ ಅದರ ಮಾನಕ್ಕೂ, ಅಂದರೆ ಯೂನಿಟ್ಟಿಗೂ, ಸೇರಿ ಒಂದು. ಬಾಯಿಯ ವಿಶೇಷ ಬರುತ್ತಿದ್ದುದು ಎಲ್ಲವನ್ನೂ ಕೂಡಿಸಿದ ಮೇಲೆ. ಮೊತ್ತದಿಂದ ಮೂರು ಅಂಕ ಕಳೆಯುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಆಠವಣೀಚಾ ದಂಡ', ಅಂದರೆ ನೆನಪಿನ ದಂಡ. ಮಗು ಸುಳ್ಳು ಹೇಳುವುದಿಲ್ಲ, ಅದರ ನೆನಪು ಹೇಳುತ್ತದೆ ಎನ್ನುವುದು ಅವರ ಸಿದ್ಧಾಂತ. ಪರೀಕ್ಷೆಯಿಂದ ಹೊರಬಂದು ಲೋಕಲ್ ರೈಲು ಹಿಡಿಯುವಷ್ಟರಲ್ಲಿ ಗೆಳೆಯರ ಬಾಯಿಂದ ಸರಿ ಉತ್ತರ ಕಿವಿಗೆ ಬಿದ್ದಿರುತ್ತದೆ. ಬಿದ್ದ ಕೂಡಲೇ ನೆನಪು ಅದನ್ನು ತನ್ನದನ್ನಾಗಿ ಮಾಡಿಕೊಳ್ಳುತ್ತದೆ. ಅಳುತ್ತಾ ಬಂದವರಿಗೆ ದಂಡವಿಲ್ಲ, ಅವರ ನೆನಪು ಆಗಲೇ ತನ್ನ ದಂಡ ತಾನೇ ಹಾಕಿಕೊಂಡಿರುತ್ತದೆ. ಎಲ್ಲ ಪ್ರಶ್ನೆಯನ್ನೂ ಸಾಲಾಗಿ, ಸ್ಪಷ್ಟವಾಗಿ ಹೇಳುವವರಿಗೆ ದಂಡ ಖಾಯಂ.

ನನಗೆ ಇದು ಮೊದಲು ಕ್ರೂರ ಎನಿಸಿತ್ತು. ಎರಡನೆಯದೋ ಮೂರನೆಯದೋ ವರ್ಷ ಒಬ್ಬ ಹುಡುಗನಿಗೆ ದಂಡ ಹಾಕದೆ ಅರವತ್ತಾರು ಎಂದು ಹೇಳಿಬಿಟ್ಟೆ. ಅವನ ತಾಯಿ ಮರುದಿನವೇ ಪೇಢೆ ಕಳಿಸಿದರು. ಬಂದದ್ದು ನಲವತ್ತೆಂಟು. ಹುಡುಗ ಜಗಳವಾಡಲು ಬರಲಿಲ್ಲ, ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಬಂದ. ಇಬ್ಬರೂ ಸೇರಿ ನೋಡಿದೆವು. ಅವನು ಬರೆದೆ ಎಂದು ನನಗೆ ಹೇಳಿದ್ದ ಎರಡು ದೊಡ್ಡ ಉತ್ತರಗಳು ಅಲ್ಲಿ ಇರಲೇ ಇಲ್ಲ, ಮೂರನೆಯದರಲ್ಲಿ ಬೇರೆಯೇ ಏನೋ ಇತ್ತು. ಅವನು ಆ ಅಕ್ಷರಗಳನ್ನು ಬೇರೆ ಯಾರದೋ ಅಕ್ಷರವೆಂಬಂತೆ ಬಹಳ ಹೊತ್ತು ನೋಡುತ್ತಾ ಕೂತ. 'ಸರ್, ಮೈನೇ ಲಿಖಾ ಥಾ,' ನಾನು ಬರೆದಿದ್ದೆ, ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ. ಆ ದಿನದಿಂದ ನಾನೂ ದಂಡ ಹಾಕತೊಡಗಿದೆ.

ನನ್ನ ಸ್ವಂತ ಪ್ರಮಾದ ಬೇರೆಯೇ ಜಾತಿಯದು. ಅದು ಕನ್ನಡಿಗನಿಗೆ ಮಾತ್ರ ಆಗಬಲ್ಲದ್ದು. ಕನ್ನಡದಲ್ಲಿ ನಾವು ಐವತ್ತೊಂಬತ್ತು ಎನ್ನುತ್ತೇವೆ. ಕೈಯಲ್ಲಿರುವ ಐವತ್ತನ್ನು ಮೊದಲು ಹೇಳಿ, ಮೇಲಿನ ಒಂಬತ್ತನ್ನು ಆಮೇಲೆ ಸೇರಿಸುತ್ತೇವೆ. ಮರಾಠಿಯವರು ಅದನ್ನೇ ಏಕೋಣಸಾಠ ಎನ್ನುತ್ತಾರೆ, ಅರವತ್ತಕ್ಕೆ ಒಂದು ಕಮ್ಮಿ. ಅರವತ್ತೊಂಬತ್ತು ಅವರಿಗೆ ಏಕೋಣಸತ್ತರ, ಎಪ್ಪತ್ತಕ್ಕೆ ಒಂದು ಕಮ್ಮಿ. ನಾವು ಇದ್ದದ್ದನ್ನು ಎಣಿಸುತ್ತೇವೆ, ಅವರು ಇಲ್ಲದ್ದನ್ನು ನೋಡಿ ಎಣಿಸುತ್ತಾರೆ. ಏಕೋಣಸಾಠ ಎಂದು ಕೇಳಿದಾಗ ನನ್ನ ಕಿವಿ 'ಸಾಠ'ವನ್ನು ಗಟ್ಟಿಯಾಗಿ ಹಿಡಿದು, ಒಂಬತ್ತನ್ನು ಅದರ ಮೇಲೆ ಹೇರಿ, ಅರವತ್ತೊಂಬತ್ತು ಮಾಡಿಬಿಡುತ್ತಿತ್ತು. ಮೊದಲ ವರ್ಷದ ಪ್ರಿಲಿಮ್, ಅಂದರೆ ಬೋರ್ಡಿಗೆ ಮೊದಲಿನ ಸಿದ್ಧತಾ ಪರೀಕ್ಷೆಯ ಅಂಕಗಳನ್ನು ಬಾಯಿ ಓದಿ ಹೇಳುತ್ತಿದ್ದರು, ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ನಾಲ್ಕು ಮಕ್ಕಳಿಗೆ ತಲಾ ಹತ್ತು ಅಂಕ ಪುಕ್ಕಟೆ ಸಿಕ್ಕಿತು. ಬಾಯಿ ಅದನ್ನು ಹಿಡಿದು ಮೊಂಡು ಪೆನ್ಸಿಲಿನಿಂದ ತಿದ್ದಿ, ಸ್ಟಾಫ್ ರೂಮಿಗೆಲ್ಲ ಕೇಳುವಂತೆ, 'ಆಮಚೇ ಧಾರವಾಡಚೇ ಸರ್ ಫಾರ್ ದಯಾಳೂ,' ಎಂದರು. ನಮ್ಮ ಧಾರವಾಡದ ಸರ್ ಬಹಳ ದಯಾಳು. ಅವರು ನಿವೃತ್ತರಾಗುವ ತನಕ ಏಕೋಣ ಎಂದು ಶುರುವಾಗುವ ಸಂಖ್ಯೆ ಬಂದಾಗಲೆಲ್ಲ ನನ್ನ ಕಡೆ ನೋಡಿ ಎರಡು ಸಲ ಹೇಳುತ್ತಿದ್ದರು.

ಈಗ ರೇಣುಕಾಳ ವಿಷಯ. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಅದಕ್ಕಾಗಿ.

ನಾನು ನಿವೃತ್ತನಾಗುವುದಕ್ಕೆ ನಾಲ್ಕೈದು ವರ್ಷ ಮೊದಲು ರೇಣುಕಾ ನಮ್ಮ ಕಾಲೇಜಿಗೆ ಬಂದಳು. ನಾನೂ ದಹಿಸರ್‌ನವನೇ, ಅವಳೂ ದಹಿಸರ್‌ನಿಂದ ಲೋಕಲ್ ಹಿಡಿದು ಬರುತ್ತಿದ್ದವಳು. ತಂದೆ ಈರಪ್ಪ ಗೌಂಡಿ ಕೆಲಸದ ಮೇಸ್ತ್ರಿ, ವಿಜಯಪುರ ಜಿಲ್ಲೆಯ ಕಡೆಯವರು. ನಮ್ಮ ಬಿಲ್ಡಿಂಗಿನಿಂದ ಸ್ವಲ್ಪ ಮುಂದೆ ಏಳುತ್ತಿದ್ದ ಹೊಸ ಟವರಿನ ಸೈಟಿನಲ್ಲೇ ಅವರ ತಗಡಿನ ಮನೆ ಇತ್ತು. ಹತ್ತನೆಯ ತರಗತಿಯವರೆಗೆ ಅವಳು ಮುನಿಸಿಪಾಲ್ಟಿಯ ಮರಾಠಿ ಶಾಲೆಯಲ್ಲಿ ಓದಿದ್ದಳು. ಮೊದಲ ದಿನ ನನ್ನ ಇಂಗ್ಲಿಷಿನಲ್ಲಿ ಧಾರವಾಡವನ್ನು ಗುರುತಿಸಿ, ಪಾಠ ಮುಗಿದ ಮೇಲೆ ಬಂದು ಕನ್ನಡದಲ್ಲಿ ಮಾತಾಡಿದಳು. 'ಓದಾಕ ಬರೂದಿಲ್ರಿ ಸರ್, ಮಾತಾಡಾಕಷ್ಟ ಬರ್ತದ,' ಎಂದಳು. ಅವಳ ಕನ್ನಡದಲ್ಲಿ ಸಂಖ್ಯೆಗಳು ಮಾತ್ರ ಮರಾಠಿಯವು. ಅಪ್ಪನ ಜೊತೆ ಮಾತು ಕನ್ನಡದಲ್ಲಿ, ಎಣಿಕೆ ಶಾಲೆಯ ಭಾಷೆಯಲ್ಲಿ. ಮನುಷ್ಯ ಮಾತಾಡುವ ಭಾಷೆ ಮನೆಯದಿರಬಹುದು, ಲೆಕ್ಕ ಮಾಡುವ ಭಾಷೆ ಮಾತ್ರ ಮೊದಲ ಮಾಸ್ತರದು.

ಅವಳಿಗೆ ಬಾಂದ್ರಾದ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆ ಸೇರುವ ಆಸೆ. ಅಲ್ಲಿ ಹಾಸ್ಟೆಲ್ ಇತ್ತು. ಫಲಿತಾಂಶಕ್ಕೆ ಮೊದಲೇ ಅರ್ಜಿ ಕೊಟ್ಟು, ಸಂದರ್ಶನಕ್ಕೆ ಹಾಜರಾಗಬೇಕಿತ್ತು. ಹಿಂದಿನ ವರ್ಷದ ಪಟ್ಟಿಯಲ್ಲಿ ಕೊನೆಯ ಹೆಸರಿಗೆ ಇದ್ದ ಅಂಕ ನೋಡಿ, ಉಳಿದ ವಿಷಯಗಳಲ್ಲಿ ಅವಳಿಗೆ ಬರಬಹುದಾದದ್ದನ್ನು ಲೆಕ್ಕ ಹಾಕಿದರೆ, ಕೆಮಿಸ್ಟ್ರಿಯಲ್ಲಿ ಎಪ್ಪತ್ತಕ್ಕೆ ಮೂವತ್ತೆಂಟು ಬೇಕಾಗುತ್ತಿತ್ತು. ತೊಡಕು ಏನೆಂದರೆ ದಹಿಸರ್‌ನ ಕೆಲಸ ಮುಗಿಯುತ್ತಾ ಬಂದು, ಈರಪ್ಪನ ಗುಂಪು ನಾಶಿಕದ ಸೈಟಿಗೆ ಹೊರಟಿತ್ತು. ಮೂವತ್ತೆಂಟು ಬರುವ ಭರವಸೆಯಿದ್ದರೆ ರೇಣುಕಾ ದಹಿಸರ್‌ನ ಒಂದು ಚಾಳಿನ, ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿದ್ದ, ಸೋದರಮಾವ ಸಿದರಾಯನ ಮನೆಯಲ್ಲಿ ಉಳಿಯುವುದು, ಇಲ್ಲದಿದ್ದರೆ ಅಪ್ಪ ಅವ್ವನ ಜೊತೆ ನಾಶಿಕಕ್ಕೆ ಹೋಗಿ ಗುಂಪಿನ ಅಡುಗೆಗೆ ನಿಲ್ಲುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಪೇಪರ್ ಮುಗಿದ ದಿನ ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಮೊದಲು ಯಾವ ಪ್ರಶ್ನೆ ಎಂದು ಕೇಳಿದೆ. ಒಂದರಿಂದ ಶುರು ಮಾಡಿ ಸಾಲಾಗಿ ಹೇಳುತ್ತಾ ಹೋದಳು. ಎಲ್ಲಿ ಕಾಟು ಹಾಕಿದೆ, ಎಲ್ಲಿ ಮಾನ ಬರೆಯುವುದನ್ನು ಮರೆತೆ, ಎಲ್ಲಿ ಲಾಗ್ ಟೇಬಲ್‌ನ ಪುಟ ತಿರುಗಿಸುವಾಗ ಗಂಟೆ ಬಾರಿಸಿತು, ಎಲ್ಲವನ್ನೂ ಹೇಳಿದಳು. ಅರ್ಧಾಯುವಿನ ಒಂದು ಲೆಕ್ಕವಿತ್ತು, ಒಂದು ಪದಾರ್ಥ ಅರ್ಧಕ್ಕೆ ಇಳಿಯಲು ಎಷ್ಟು ಮಿನಿಟು ಬೇಕು ಎನ್ನುವುದು. ಸರಿ ಉತ್ತರ ಐವತ್ತೊಂಬತ್ತು ಮಿನಿಟು. ಎಷ್ಟು ಬಂತು ಎಂದು ಕೇಳಿದೆ. ಅವಳು ಮರಾಠಿಯಲ್ಲಿ ಹೇಳಿದಳು. ನಾನು ಪೆನ್ಸಿಲಿನಿಂದ ಅವಳ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ 69 ಎಂದು ಬರೆದೆ. ಅದು ಹೇಗೆ ಬಂದಿರಬೇಕು ಎಂಬುದೂ ನನಗೆ ಕೂಡಲೇ ಹೊಳೆಯಿತು. ಅರ್ಧಾಯುವಿನ ಸೂತ್ರದಲ್ಲಿ 0.693 ಎಂಬ ಸ್ಥಿರಾಂಕವಿದೆ. ವರ್ಷವಿಡೀ ಅದನ್ನು ಬರೆದು ಬರೆದು ಅದೇ ಕೈಗೆ ಬಂದುಬಿಟ್ಟಿದೆ ಎಂದುಕೊಂಡೆ. ಸೂತ್ರಕ್ಕೆ ಒಂದು ಕೊಟ್ಟು ಎರಡು ಕಳೆದೆ.

ಕೂಡಿಸಿದಾಗ ಮೂವತ್ತೊಂಬತ್ತು ಬಂತು. ನೆನಪಿನ ದಂಡ ಹಾಕುವುದೋ ಬೇಡವೋ ಎಂದು ಪೆನ್ಸಿಲ್ ಹಿಡಿದು ಯೋಚಿಸಿದೆ. ಅವಳು ಅಳಲಿಲ್ಲ, ಜಂಬ ಕೊಚ್ಚಲೂ ಇಲ್ಲ. ಆದರೆ ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದೇ ಇಲ್ಲ. ಅರವತ್ತಾರರ ಹುಡುಗ ನೆನಪಾದ. ಮೂರು ಕಳೆದೆ. ಮೂವತ್ತಾರು. ಬೇಕಾದದ್ದಕ್ಕೆ ಎರಡು ಕಮ್ಮಿ. ಅವಳು ಪತ್ರಿಕೆಯನ್ನು ತೆಗೆದುಕೊಂಡು ಅಂಚಿನ ಪೆನ್ಸಿಲ್ ಗುರುತುಗಳನ್ನು ನೋಡಿ, 'ಬರ್ತೀನ್ರಿ ಸರ್,' ಎಂದಷ್ಟೇ ಹೇಳಿ ಹೋದಳು.

ಭಾನುವಾರ ಬೆಳಿಗ್ಗೆ ಈರಪ್ಪ ನಮ್ಮ ಮನೆಗೆ ಬಂದರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಮಾತ್ರ ಸಿಮೆಂಟ್ ಉಳಿದಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಮಗಳನ್ನು ಇಲ್ಲಿ ಬಿಡಲು ತಮ್ಮದೇನೂ ಅಡ್ಡಿಯಿಲ್ಲ, ಆದರೆ ಬಿಟ್ಟು ಕೊನೆಗೆ ಏನೂ ಆಗದಿದ್ದರೆ ಅವಳ ಮನಸ್ಸು ಮುರಿಯುತ್ತದೆ, ಅದಕ್ಕೆ ನಿಮ್ಮ ಮಾತು ಕೇಳಲು ಬಂದೆ ಎಂದರು. ಮೂವತ್ತಾರು, ಎರಡು ಆಚೀಚೆ ಆಗಬಹುದು ಎಂದು ಹೇಳಿದೆ.

'ಎಲ್ಡು ಆಚೀಚೆ ಅಂದ್ರ ಮೂವತ್ತೆಂಟೂ ಆಗಬಹುದೇನ್ರಿ?'

'ಆಗಬಹುದು. ಮೂವತ್ನಾಕೂ ಆಗಬಹುದು.'

ಅವರು ಸ್ವಲ್ಪ ಹೊತ್ತು ನಮ್ಮ ಗೋಡೆಯನ್ನು, ಗೌಂಡಿಗಳು ನೋಡುವ ಹಾಗೆ, ಮೂಲೆಯಿಂದ ಮೂಲೆಗೆ ನೋಡಿದರು. 'ನಾವು ಗೋಡಿ ಕಟ್ಟೂಮುಂದ ಆಚೀಚೆ ಅನ್ನಂಗಿಲ್ರಿ ಮಾಸ್ತರ್ರ,' ಎಂದು ನಗುತ್ತಲೇ ಹೇಳಿ ಎದ್ದರು. ಗುರುವಾರ ಅವರೆಲ್ಲ ನಾಶಿಕಕ್ಕೆ ಹೋದರು. ರೇಣುಕಾಳೂ ಹೋದಳು.

ಮರುವಾರ ಸೋಮವಾರ ಸಂಜೆ ಕಾಲೇಜು ಮುಗಿಸಿ ಪಾರ್ಲೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ದಿನವೂ ನಿಲ್ಲುವ ಜಾಗ, ಬೋರಿವಲಿವರೆಗೆ ಹೋಗಿ ಅಲ್ಲಿ ದಹಿಸರ್‌ಗೆ ಗಾಡಿ ಬದಲಿಸುತ್ತಿದ್ದೆ. ಮೂರು ದಶಕದಿಂದ ಕೇಳಿಯೂ ಕೇಳದಂತಿದ್ದ ಧ್ವನಿವರ್ಧಕ ಹೇಳಿತು: 'ಪಾಚ್ ವಾಜೂನ್ ಏಕೋಣಸಾಠ ಮಿನಿಟಾಂಚೀ ಬೋರಿವಲೀ ಧೀಮೀ ಲೋಕಲ್...' ಐದು ಗಂಟೆ ಅರವತ್ತೊಂಬತ್ತು ಮಿನಿಟು ಎಂದು ನನ್ನ ಕಿವಿ ಅನುವಾದಿಸಿತು. ಕಣ್ಣು ಮೇಲಿನ ಇಂಡಿಕೇಟರ್ ನೋಡಿತು. 5:59. ಯಾವ ಗಂಟೆಯಲ್ಲೂ ಅರವತ್ತೊಂಬತ್ತು ಮಿನಿಟು ಇರುವುದಿಲ್ಲ.

ರೇಣುಕಾ ಹೇಳಿದ್ದು ಏಕೋಣಸಾಠ. ಅವಳ ದನಿಯಲ್ಲೇ, ಸ್ಪಷ್ಟವಾಗಿ, ಆ 'ಸಾಠ' ಈಗ ನನಗೆ ಕೇಳಿಸಿತು. ದೇಶಪಾಂಡೆ ಬಾಯಿ ಮೂವತ್ತು ವರ್ಷದ ಹಿಂದೆ ತಿದ್ದಿದ ತಪ್ಪನ್ನೇ ಮತ್ತೆ ಮಾಡಿದ್ದೆ. ಆಗ ನಾಲ್ವರಿಗೆ ಪುಕ್ಕಟೆ ಕೊಟ್ಟಿದ್ದೆ, ಈಗ ಒಬ್ಬಳಿಂದ ಎರಡು ಅಂಕ ಕಿತ್ತುಕೊಂಡಿದ್ದೆ. ಆ ಎರಡು ಸೇರಿಸಿದರೆ ಸರಿಯಾಗಿ ಮೂವತ್ತೆಂಟು. ಬೋರಿವಲಿ ಲೋಕಲ್ ಬಂದು ಹೋಯಿತು, ನಾನು ಹತ್ತಲಿಲ್ಲ.

ಈರಪ್ಪನ ನಂಬರ್ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಸೈಟಿಗೆ ಹೋದೆ. ತಗಡಿನ ಮನೆ ಇದ್ದ ಜಾಗದಲ್ಲಿ ನಾಲ್ಕು ಇಟ್ಟಿಗೆ ಮತ್ತು ಒಲೆಯ ಕಪ್ಪು ಗುರುತು ಇತ್ತು. ವಾಚ್‌ಮನ್ ಸಿದರಾಯನ ಚಾಳಿನ ದಾರಿ ತೋರಿಸಿದ. ಸಿದರಾಯ ಹಾಲಿನ ಕ್ರೇಟ್ ಇಳಿಸುತ್ತಿದ್ದ. ನಾನು ಮಾಸ್ತರ ಎಂದು ತಿಳಿದು ಕ್ರೇಟ್ ಕೆಳಗಿಟ್ಟು, ಕೈ ಒರೆಸಿಕೊಂಡು, ನಾಶಿಕದ ಕಂತ್ರಾಟುದಾರನ ನಂಬರ್ ಹುಡುಕಿ ತಾನೇ ಹಚ್ಚಿ ಕೊಟ್ಟ. ಬಾಂದ್ರಾದ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಅಂದು ಮಂಗಳವಾರ.

ಈರಪ್ಪ ಫೋನಿಗೆ ಬಂದಾಗ ಹಿಂದೆ ಮಿಕ್ಸರ್ ತಿರುಗುವ ಸದ್ದು ಕೇಳುತ್ತಿತ್ತು. ನಾನು ತಪ್ಪು ಕೇಳಿಸಿಕೊಂಡೆ, ತಪ್ಪು ನನ್ನದು, ಎರಡು ಅಂಕ ಸೇರಿಸಬೇಕು ಎಂದು ಹೇಳಿದೆ.

'ಮಾಸ್ತರ್ರ, ಹ್ವಾದ ವಾರ ಹೇಳಿದ್ದು ತಪ್ಪು ಅಂತ ನೀವ ಹೇಳಾಕತ್ತೀರಿ. ಹಂಗಾದ್ರ ಇವತ್ತ ಹೇಳೂದು ಖರೆ ಅಂತ ನಾ ಹೆಂಗ ತಿಳ್ಕೊಳ್ಲಿ?'

ನಾನು ಓದಿದ ಯಾವ ಪುಸ್ತಕವೂ ನನ್ನನ್ನು ಇಷ್ಟು ನೇರವಾಗಿ ಪ್ರಶ್ನಿಸಿರಲಿಲ್ಲ. ತಿಳಿದುಕೊಳ್ಳಲು ದಾರಿಯಿಲ್ಲ ಎಂದೆ. ಮೂವತ್ತೆಂಟು ಎಂದರೆ ಗೋಡೆಯ ಅಂಚಿನ ಮೇಲೆ ನಿಂತ ಹಾಗೆ, ಬೀಳಲೂಬಹುದು. ಆದರೆ ಬೀಳುತ್ತಾಳೆ ಎಂದು ನಾನು ಹೇಳಿದ್ದಕ್ಕೆ ನೀವು ಕರೆದುಕೊಂಡು ಹೋದಿರಿ, ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಫೋನ್ ಮಾಡಿದೆ, ಅಷ್ಟೇ ಎಂದೆ.

ಅವರು ಮಗಳನ್ನು ಕರೆದು ಅವಳ ಕೈಗೆ ಫೋನ್ ಕೊಟ್ಟರು. ನಾನು ಉಸಿರು ಬಿಡದೆ ಹೇಳಿದೆ. ಸರಿ ಉತ್ತರ ಐವತ್ತೊಂಬತ್ತು, ನೀನು ಅವತ್ತು ಏಕೋಣಸಾಠ ಅಂತ ಹೇಳಿದಿ, ನಾನು ಅರವತ್ತೊಂಬತ್ತು ಅಂತ ಬರ್ಕೊಂಡೆ. ಹೌದಲ್ಲ?

ಮಿಕ್ಸರ್ ಎರಡು ಮೂರು ಸುತ್ತು ತಿರುಗಿತು.

'ಹೌದ್ರಿ ಸರ್,' ಎಂದಳು ರೇಣುಕಾ. 'ಏಕೋಣಸಾಠ.'

ಬುಧವಾರ ಈರಪ್ಪ ಸ್ವತಃ ಅವಳನ್ನು ದಹಿಸರ್‌ಗೆ ಕರೆತಂದು, ಸಿದರಾಯನ ಮನೆಯಲ್ಲಿ ಬಿಟ್ಟು, ಅದೇ ದಿನ ಕೆಲಸಕ್ಕೆ ವಾಪಸ್ ಹೋದರು. ನನ್ನನ್ನು ನೋಡಲು ಬರಲಿಲ್ಲ. ಗುರುವಾರ ಅರ್ಜಿ ಕೊಟ್ಟದ್ದಾಯಿತು. ಆಮೇಲಿನ ಎರಡು ತಿಂಗಳು ನಾನು ಆ ಚಾಳಿನ ಮುಂದೆ ಹಾದುಹೋಗುವುದನ್ನು ತಪ್ಪಿಸಿ, ಸುತ್ತು ಹಾಕಿ ಸ್ಟೇಷನ್‌ಗೆ ಹೋಗುತ್ತಿದ್ದೆ.

ಫಲಿತಾಂಶದ ದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ತಡವರಿಸುತ್ತಾ, ಒಂದೊಂದೇ ಮೆಟ್ಟಿಲು ಹತ್ತುವವಳಂತೆ, 'ಮೂವತ್ತ... ಒಂಬತ್ತು,' ಎಂದಳು. 'ಮಾಮಾನ ಕೇಳಿ ಕಲ್ಕೊಂಡು ಹೇಳಾಕತ್ತೀನ್ರಿ ಸರ್. ಮತ್ತ ತಪ್ಪು ಕೇಳಬ್ಯಾಡ್ರಿ.' ಎಪ್ಪತ್ತಕ್ಕೆ ಮೂವತ್ತೊಂಬತ್ತು. ತಿದ್ದಿದ ಅಂದಾಜಿಗಿಂತ ಒಂದೇ ಒಂದು ಹೆಚ್ಚು. ಬಾಂದ್ರಾದ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯದೋ ಐದನೆಯದೋ ಹೆಸರು ಅವಳದಾಗಿತ್ತು.

ನಿವೃತ್ತನಾಗುವವರೆಗೆ ಈ ಕಥೆಯನ್ನು ಪ್ರತಿಯೊಬ್ಬ ಹೊಸ ಶಿಕ್ಷಕನಿಗೂ ಹೇಳಿದ್ದೇನೆ. ಮಗು ಯಾವ ಭಾಷೆಯಲ್ಲಿ ಎಣಿಸುತ್ತದೋ ಆ ಭಾಷೆಯಲ್ಲಿ ಕೇಳಿಸಿಕೊಳ್ಳಿ, ಅನುಮಾನವಿದ್ದರೆ ಅದರ ಕೈಯಿಂದಲೇ ಬರೆಸಿ ಎಂದು ಕೊನೆಯಲ್ಲಿ ಒಂದು ಪಾಠವನ್ನೂ ಅಂಟಿಸುತ್ತಿದ್ದೆ. ಆ ಹೊತ್ತಿಗೆ ವಿಧಾನಗಳೂ ಬದಲಾಗುತ್ತಿದ್ದವು. ಮಕ್ಕಳು ಬಾಗಿಲಿಗೆ ಬರುವುದು ಕಡಿಮೆಯಾಗಿ, ಪ್ರಶ್ನೆಪತ್ರಿಕೆಯ ಫೋಟೋ ವಾಟ್ಸಾಪಿನಲ್ಲಿ ಬರತೊಡಗಿತು. ಈಗ ಮೊಬೈಲಿನಲ್ಲೇ ಉತ್ತರಗಳನ್ನು ತುಂಬಿದರೆ ಅರೆಗಳಿಗೆಯಲ್ಲಿ ಅಂಕ ಬರುತ್ತದಂತೆ. ಅದು ನನಗಿಂತ ಚೆನ್ನಾಗಿ ಕೂಡಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದಕ್ಕೂ ಮಗು ತನಗೆ ನೆನಪಿರುವುದನ್ನೇ ಹೇಳುತ್ತದೆ. ಅಲ್ಲಿ ದಂಡ ಹಾಕುವವರು ಯಾರೂ ಇಲ್ಲ, ತಪ್ಪಾಯಿತು ಎಂದು ನಾಶಿಕಕ್ಕೆ ಫೋನ್ ಮಾಡುವವರೂ ಇಲ್ಲ.

ಈ ಚಳಿಗಾಲದಲ್ಲಿ ಎರಡು ಮೂರು ಸಲ ತಲೆಸುತ್ತು ಬಂತು. ಹೆಂಡತಿ ಹಟ ಹಿಡಿದು ಬಾಂದ್ರಾದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳು ಕೇಸ್ ಪೇಪರ್, ಅಂದರೆ ನೋಂದಣಿ ಚೀಟಿ, ಮಾಡಿಸುವ ಸಾಲಿನಲ್ಲಿ ನಿಂತಾಗ, ಬಿ.ಪಿ. ನೋಡುವ ಕೋಣೆಯಲ್ಲಿ ನನ್ನ ಹೆಸರು ಕೂಗಿದ ಸಿಸ್ಟರ್ ನನ್ನನ್ನು ನೋಡಿ ಹಾಗೇ ನಿಂತಳು. 'ಸರ್!' ರೇಣುಕಾ. ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಳು, ಕೊರಳಲ್ಲಿ ತಾಳಿಯಿತ್ತು. ತಂದೆ ಈಗ ಕೆಲಸ ಬಿಟ್ಟು ಅವಳ ಜೊತೆಯಲ್ಲೇ ದಹಿಸರ್‌ನಲ್ಲಿದ್ದಾರಂತೆ, ಬಿಲ್ಡಿಂಗಿನವರು ಕಟ್ಟಿಸುವ ಗೋಡೆಗಳನ್ನೆಲ್ಲ ನಿಂತು ನೋಡಿ ಬೈಯುತ್ತಾರಂತೆ. ಜೊತೆಯಲ್ಲಿದ್ದ ಕಿರಿಯ ನರ್ಸಿಗೆ, ಇವರು ನನ್ನ ಸರ್ ಎಂದು ಪರಿಚಯಿಸಿದಳು. ನನಗೆ ಹುರುಪು ಬಂತು. ಮುದುಕರ ಅಭ್ಯಾಸ. ಏಕೋಣಸಾಠದ ಕಥೆಯನ್ನು ಪ್ಲಾಟ್‌ಫಾರ್ಮಿನ ಧ್ವನಿವರ್ಧಕದ ಸಮೇತ ಆ ಹುಡುಗಿಗೆ ಹೇಳಿ ಮುಗಿಸಿದೆ. ಅವಳು ನಕ್ಕು, ಯಾರೋ ಕರೆದರೆಂದು ಹೊರಗೆ ಹೋದಳು. ರೇಣುಕಾ ನಗಲಿಲ್ಲ. ಬಾಗಿಲು ಸರಿಸಿ ಬಂದು ನನ್ನ ಎದುರು ಸ್ಟೂಲಿನ ಮೇಲೆ ಕೂತಳು.

'ಸರ್, ನಾ ಏಕೋಣಸಾಠ ಅಂದಿದ್ದಿಲ್ರಿ,' ಎಂದಳು. 'ಏಕೋಣಸತ್ತರ ಅಂದಿದ್ದೆ. ಪೇಪರ್‌ನ್ಯಾಗ ಬರದದ್ದೂ ಅದ. ಆ ಪಾಯಿಂಟ್ ಸಿಕ್ಸ್ ನೈನ್ ಥ್ರೀ ತಲ್ಯಾಗ ಕುಂತಿತ್ತು, ಹಂಗ ಬರದುಬಿಟ್ಟೆ. ನಿಮಗ ಸರೀನ ಕೇಳಿತ್ತು.'

'ಮತ್ತ ಫೋನಿನ್ಯಾಗ?' ಎಂದೆ.

'ನೀವ ಏಕೋಣಸಾಠ ಹೌದಲ್ಲ ಅಂತ ಕೇಳಿದ್ರಿ. ಅಪ್ಪ ಎದುರಿಗೇ ನಿಂತಿದ್ದ. ಅವ್ವ ರೊಟ್ಟಿ ಬಡ್ಯಾಕತ್ತಿದ್ಲು. ನೀವ ಬಾಗಲಾ ತಗದ್ರಿ ಸರ್, ನಾ ಹೊಂಟು ಬಂದೆ.' ಆಮೇಲೆ ತನ್ನ ಕೈಗಳನ್ನು ನೋಡಿಕೊಳ್ಳುತ್ತಾ, ಎಷ್ಟೋ ಸಲ ಹೇಳಬೇಕೆಂದು ಫೋನ್ ತೆಗೆದು ಇಟ್ಟಿದ್ದೇನೆ, ತಪ್ಪು ನನ್ನದು ಎಂದು ನೀವು ಅಪ್ಪನಿಗೆ ಹೇಳಿದ್ದು ನನ್ನನ್ನು ಬಹಳ ಕಾಡಿದೆ ಎಂದಳು.

ಪ್ಲಾಟ್‌ಫಾರ್ಮಿನಲ್ಲಿ ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿದ ಅವಳ ದನಿ, ಆ 'ಸಾಠ', ಧ್ವನಿವರ್ಧಕದ್ದು. ಸರಿ ಉತ್ತರ ಕಿವಿಗೆ ಬಿದ್ದ ಕೂಡಲೇ ನನ್ನ ನೆನಪು ಅದನ್ನು ತನ್ನದನ್ನಾಗಿ ಮಾಡಿಕೊಂಡಿತ್ತು. ಅರವತ್ತಾರರ ಹುಡುಗನಿಗೂ ನನಗೂ ವ್ಯತ್ಯಾಸವಿರಲಿಲ್ಲ. ಅದರ ಮೇಲೆ, ಉತ್ತರವನ್ನೇ ಪ್ರಶ್ನೆಯೊಳಗಿಟ್ಟು ಹೌದಲ್ಲ ಎಂದು ಕೇಳಿದ್ದೆ. ದೇಶಪಾಂಡೆ ಬಾಯಿ ಇದ್ದಿದ್ದರೆ ಫೋನನ್ನೇ ಕಸಿದುಕೊಳ್ಳುತ್ತಿದ್ದರು.

ನನ್ನ ಹಳೆಯ ಸಂಶಯ ಅಲ್ಲಿಯೂ ಸುಮ್ಮನಿರಲಿಲ್ಲ. ಇವಳು ಈಗ ಹೇಳುತ್ತಿರುವುದೂ ನೆನಪೇ ಅಲ್ಲವೆ? ಅಂದು ಅಂಚಿನಲ್ಲಿ ನಾನು ಬರೆದ 69 ಎರಡೂ ಕಥೆಗೆ ಒಪ್ಪುತ್ತದೆ. ಹಾಗಾಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವಳು ಬರೆದದ್ದು ತಪ್ಪೇ ಆಗಿದ್ದರೆ ಆ ಎರಡು ಅಂಕ ಅವಳಿಗೆ ಬಂದಿರಲಾರದು. ಅಂದು ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಕೂಡಿಸಿದಾಗ ಬಂದದ್ದು ಮೂವತ್ತೊಂಬತ್ತು. ಬೋರ್ಡ್ ಕೊಟ್ಟದ್ದೂ ಮೂವತ್ತೊಂಬತ್ತು. ಕಾಟು ಹಾಕಿದ್ದು, ಮಾನ ಮರೆತದ್ದು, ತಪ್ಪು ಉತ್ತರ, ಒಂದೂ ಬಿಡದೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮೂವತ್ತಮೂರು ವರ್ಷದಲ್ಲಿ ನನ್ನ ಎದುರು ಕೂತ ಮಕ್ಕಳಲ್ಲಿ ನೆನಪು ಅಷ್ಟು ನೆಟ್ಟಗಿದ್ದವಳು ಅವಳೊಬ್ಬಳೇ ಇರಬೇಕು, ಅವಳನ್ನು ನಾಶಿಕಕ್ಕೆ ಕಳಿಸಿದ್ದು ಆ ನೆನಪಿಗೆ ನಾನು ಹಾಕಿದ ದಂಡ.

'ರೇಣುಕಾ, ಅವತ್ತ ನಿನಗ ಮೂರು ಮಾರ್ಕ್ಸ್ ಕಳದಿದ್ದೆ,' ಎಂದೆ. 'ಪೇಪರ್ ನೋಡಿ ಅಲ್ಲ. ಸುಮ್ಮನ. ನೆನಪು ಯಾರದೂ ಇಷ್ಟು ಚಲೋ ಇರೂದಿಲ್ಲ ಅಂತ. ಆ ಮೂರು ನಿನ್ನವ.'

ಅವಳಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾ, 'ಈಗ ಮಾತಾಡಬ್ಯಾಡ್ರಿ ಸರ್, ರೀಡಿಂಗ್ ತಪ್ಪು ಬರ್ತದ,' ಎಂದಳು. ಪಟ್ಟಿ ಬಿಗಿಯಾಯಿತು, ಸಡಿಲಾಯಿತು. ಒಳಗೆ ಬಂದ ಕಿರಿಯ ನರ್ಸಿಗೆ ಬರೆದುಕೊಳ್ಳಲು ಮರಾಠಿಯಲ್ಲಿ ಎರಡು ಸಂಖ್ಯೆ ಹೇಳಿದಳು. ಎರಡನೆಯದು ಏಕೋಣ ಎಂದು ಶುರುವಾಯಿತು. ನಾನು ತಲೆ ಎತ್ತಿದೆ. ಅವಳು ನನ್ನ ಕಡೆ ತಿರುಗಿ, ಈ ಸಲ ತಡವರಿಸದೆ, 'ಎಪ್ಪತ್ತೊಂಬತ್ತು,' ಎಂದಳು. 'ಚಲೋ ಅದ ಸರ್. ಕಾಳಜಿ ಮಾಡಬ್ಯಾಡ್ರಿ.'

ಚೀಟಿಯಲ್ಲಿ ಬರೆದು ಕೊಡು ಎಂದು ಕೇಳಿದೆ. ಬರೆದು ಕೊಟ್ಟಳು. ಅದು ನನ್ನ ಕಿಸೆಯಲ್ಲೇ ಇದೆ, ನೆನಪಿಗೆ ಬಿಟ್ಟಿಲ್ಲ.